ಅಡ್ವಾನ್ಸ್ ಎಂಬ ಸಾಲ: ಬೆಂಗಳೂರಿನ ಬಾಡಿಗೆ ಮನೆ ಮತ್ತು ಊರಿನ ದುಡ್ಡು

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮಗನೋ ಮಗಳೋ "ಮನೆ ನೋಡಿದ್ದೀನಿ" ಎಂದು ಫೋನ್ ಮಾಡಿದರೆ, ಊರಿನಲ್ಲಿರುವ ಅಪ್ಪ ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದಲ್ಲ, ಅಡ್ವಾನ್ಸ್ ಎಷ್ಟು ಎಂದು. ಅವರ ಲೆಕ್ಕ ಸರಿಯಾಗಿಯೇ ಇದೆ. ಬಾಡಿಗೆ ತಿಂಗಳ ಸಂಬಳದಲ್ಲಿ ಹೋಗುತ್ತದೆ. ಅಡ್ವಾನ್ಸ್ ಹೋಗುವುದು ಊರಿನಿಂದ. ನಮ್ಮ ಅರಸೀಕೆರೆ, ತಿಪಟೂರು ಕಡೆ ಅದು ಕೊಬ್ಬರಿ ಮಾರಿದ ದುಡ್ಡಾಗಿರುತ್ತದೆ, ಇಲ್ಲವೇ ಅಮ್ಮನ ಸರ ಅಡವಿಟ್ಟ ದುಡ್ಡಾಗಿರುತ್ತದೆ. ಎರಡೂ ಇಲ್ಲದವರ ಮನೆಯಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ.

ಈಗ ಫೋನ್ ತೆರೆದರೆ ಬೇರೆಯೇ ಭಾಷೆ ಕಾಣುತ್ತದೆ. "ಮೊದಲ ತಿಂಗಳು ಬಾಡಿಗೆ ಇಲ್ಲ", "ಝೀರೋ ಡೆಪಾಸಿಟ್", "ಬ್ರೋಕರೇಜ್ ಇಲ್ಲ", "ಈ ವಾರ ಬಂದರೆ ವಿಶೇಷ ರಿಯಾಯಿತಿ". ಬೆಂಗಳೂರಿನ ಬಾಡಿಗೆ ಮನೆಗೆ ರಿಯಾಯಿತಿ ಎಂಬ ಮಾತು ಹೊಸದು. ಅದು ನಿಜವಾಗಿ ಯಾರಿಗೆ ಎಷ್ಟು ಉಳಿಸುತ್ತದೆ ಎಂದು ತಿಳಿಯಬೇಕಾದರೆ, ಹತ್ತು ತಿಂಗಳ ಅಡ್ವಾನ್ಸ್ ಎಂಬ ಪದ್ಧತಿ ಈ ಊರಿನಲ್ಲಿ ಹೇಗೆ ಬೇರು ಬಿಟ್ಟಿತು ಎಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

ಮೊದಲ ದಿನದ ಲೆಕ್ಕ

ಮೊದಲು ಒಂದು ಲೆಕ್ಕ ಹಾಕೋಣ. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಒಂದು ಸಣ್ಣ ಮನೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ 1,20,000. ಮೊದಲ ತಿಂಗಳ ಬಾಡಿಗೆ 12,000. ಬ್ರೋಕರ್ ಇದ್ದರೆ ಅವರಿಗೆ ಒಂದು ತಿಂಗಳ ಬಾಡಿಗೆ, ಇನ್ನೊಂದು 12,000. ಹಾಲು ಉಕ್ಕಿಸುವ ಹೊತ್ತಿಗೆ ಕೈಯಿಂದ 1,44,000 ರೂಪಾಯಿ ಹೋಗಿರುತ್ತದೆ. ಸಾಮಾನು ತಂದ ಟೆಂಪೋ ಬಾಡಿಗೆ ಬೇರೆ.

ಅಡ್ವಾನ್ಸ್ ವಾಪಸ್ ಬರುತ್ತದಲ್ಲ ಎಂದು ಓನರ್ ಹೇಳುತ್ತಾರೆ. ಬರುತ್ತದೆ, ಬಣ್ಣದ ಖರ್ಚು ಎಂದು ಒಂದು ತಿಂಗಳ ಬಾಡಿಗೆ ಕಳೆದು. ಆದರೆ ಬಡ್ಡಿ ಬರುವುದಿಲ್ಲ. ಆ ದುಡ್ಡನ್ನು ಬ್ಯಾಂಕಿನಲ್ಲಿ ಶೇ. 6ರ ಬಡ್ಡಿಗೆ ಇಟ್ಟಿದ್ದವರಿಗೆ ವರ್ಷಕ್ಕೆ 7,200, ಅಂದರೆ ತಿಂಗಳಿಗೆ 600 ರೂಪಾಯಿ ನಷ್ಟ. ಅವರ ಪಾಲಿಗೆ ಆ ಮನೆಯ ನಿಜವಾದ ಬಾಡಿಗೆ 12,600. ಅದೇ ದುಡ್ಡನ್ನು ಊರಿನಲ್ಲಿ ನೂರಕ್ಕೆ ಎರಡರಂತೆ ತಂದವರಿಗೆ ತಿಂಗಳಿಗೆ 2,400 ರೂಪಾಯಿ ಬಡ್ಡಿ. ಅವರಿಗೆ ಬಾಡಿಗೆ 14,400. ಒಂದೇ ಮನೆ, ಒಂದೇ ಓನರ್, ಒಂದೇ ಕರಾರು ಪತ್ರ. ಆದರೂ ದುಡ್ಡಿಲ್ಲದವರಿಗೆ ಬಾಡಿಗೆ ಹೆಚ್ಚು. ಈ ವ್ಯತ್ಯಾಸ ಯಾವ ಕರಾರಿನಲ್ಲೂ ಬರೆದಿರುವುದಿಲ್ಲ, ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಅಡ್ವಾನ್ಸ್ ಎಂದರೆ ಬಾಡಿಗೆದಾರ ಮನೆ ಮಾಲೀಕರಿಗೆ ಕೊಡುವ ಬಡ್ಡಿಯಿಲ್ಲದ ಸಾಲ. ಈ ಒಂದು ವಾಕ್ಯವನ್ನು ಹಿಡಿದುಕೊಂಡು ಹೋದರೆ ಬೆಂಗಳೂರಿನ ಬಾಡಿಗೆ ಮನೆಯ ಚರಿತ್ರೆಯ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಛತ್ರ, ಹಾಸ್ಟೆಲು, ವಠಾರ

ಹಳ್ಳಿಯಿಂದ ಬಂದವರಿಗೆ ಬೆಂಗಳೂರಿನಲ್ಲಿ ರಿಯಾಯಿತಿ ಸಿಕ್ಕಿದ್ದು ಮೊದಲು ಧರ್ಮದ ಹೆಸರಿನಲ್ಲಿ, ಆಮೇಲೆ ಜಾತಿಯ ಹೆಸರಿನಲ್ಲಿ. ರೈಲಿಳಿದವರಿಗೆ ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರ ಛತ್ರವಿತ್ತು. ಓದಲು ಬಂದ ಹುಡುಗರಿಗೆ ಸಮುದಾಯಗಳು ನಡೆಸುತ್ತಿದ್ದ ಹಾಸ್ಟೆಲುಗಳಿದ್ದವು. ಒಕ್ಕಲಿಗರ ಸಂಘ ಶುರುವಾದದ್ದು 1906ರಲ್ಲಿ. ಬೇರೆ ಬೇರೆ ಸಮುದಾಯಗಳ ಸಂಘಗಳೂ ಅದೇ ದಶಕಗಳಲ್ಲಿ ಹುಟ್ಟಿದವು, ಹಳ್ಳಿಯ ಹುಡುಗರಿಗೆ ಪೇಟೆಯಲ್ಲಿ ಊಟ ವಸತಿ ಕೊಡುವುದನ್ನು ಮುಖ್ಯ ಕೆಲಸವನ್ನಾಗಿ ಮಾಡಿಕೊಂಡವು. ಮೈಸೂರು ಸೀಮೆಯ ಮೊದಲ ತಲೆಮಾರಿನ ಎಷ್ಟೋ ಪದವೀಧರರು ಓದಿದ್ದು ಇಂಥ ಕಡೆ ಉಳಿದುಕೊಂಡೇ.

ಅದೇ ಹೊತ್ತಿಗೆ ನಗರ ಹಿಗ್ಗುತ್ತಿತ್ತು. 1898ರಲ್ಲಿ ಪ್ಲೇಗ್ ಬಂದು ಹಳೆ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಮನೆಗೊಂದು ಹಿತ್ತಿಲು. ಜೊತೆಗೆ ನಿವೇಶನಗಳನ್ನು ಸಮುದಾಯದ ಪ್ರಕಾರ ವಿಂಗಡಿಸಿ ಹಂಚುವ ಕ್ರಮವೂ ಬಂತು. ಯಾರು ಎಲ್ಲಿ ಮನೆ ಮಾಡಬಹುದು ಎಂಬ ಗೆರೆಯನ್ನು ಬಡಾವಣೆಯ ನಕ್ಷೆಯಲ್ಲೇ ಎಳೆದಂತಾಯಿತು. ಇವತ್ತು "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಟು-ಲೆಟ್ ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಅದರ ತಾತ ಅಲ್ಲಿದ್ದಾನೆ.

ನಿವೇಶನ ಕೊಳ್ಳಲಾಗದವರಿಗೆ ವಠಾರವಿತ್ತು. ಸಾಲಾಗಿ ಒಂದೊಂದೂವರೆ ಕೋಣೆಯ ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಒಂದು ನಲ್ಲಿ, ಕೊನೆಯಲ್ಲಿ ಎರಡು ಕಕ್ಕಸು. ಮಾಲೀಕರು ಮುಂದಿನ ದೊಡ್ಡ ಮನೆಯಲ್ಲೇ ಇರುತ್ತಿದ್ದರು. ವಠಾರದಲ್ಲಿ ಭದ್ರತೆ ಎಂದರೆ ದುಡ್ಡಿಗಿಂತ ಹೆಚ್ಚಾಗಿ ಪರಿಚಯ. ಯಾರ ಕಡೆಯವರು, ಯಾವ ಊರು, ಯಾವ ಆಫೀಸಿನಲ್ಲಿ ಕೆಲಸ ಎಂಬುದು ತಿಳಿದರೆ ಬಾಗಿಲು ತೆರೆಯುತ್ತಿತ್ತು. ತಿಳಿದ ಮೇಲೆ ಮುಚ್ಚಿಕೊಂಡ ಬಾಗಿಲುಗಳೂ ಅಷ್ಟೇ ಇದ್ದವು.

ಯುದ್ಧದ ಕಾಲ, ನಿಯಂತ್ರಣದ ಕಾಲ

ಎರಡನೇ ಮಹಾಯುದ್ಧ ಈ ಸಣ್ಣ ಊರನ್ನು ಒಮ್ಮೆಲೇ ದೊಡ್ಡದು ಮಾಡಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ದಂಡಿನ ಪ್ರದೇಶ ಸೈನಿಕರಿಂದ ತುಂಬಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 7.8 ಲಕ್ಷವಾಯಿತು. ಹತ್ತು ವರ್ಷದಲ್ಲಿ ಜನ ಹೆಚ್ಚುಕಡಿಮೆ ಎರಡರಷ್ಟಾದರು, ಮನೆಗಳು ಆಗಲಿಲ್ಲ. ದೇಶದ ಬೇರೆ ನಗರಗಳಂತೆ ಇಲ್ಲಿಯೂ ಸರ್ಕಾರ ಬಾಡಿಗೆಗೆ ಲಗಾಮು ಹಾಕಿತು. 1951ರಲ್ಲಿ ಮೈಸೂರು ರಾಜ್ಯದ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ, ರಾಜ್ಯ ಒಂದಾದ ಮೇಲೆ 1961ರಲ್ಲಿ ಹೊಸ ಬಾಡಿಗೆ ನಿಯಂತ್ರಣ ಕಾಯ್ದೆ ಬಂದವು.

ಈ 1961ರ ಕಾಯ್ದೆಯನ್ನು ಹಳಬರು ಈಗಲೂ "ಎಚ್‌ಆರ್‌ಸಿ" ಎಂದೇ ಕರೆಯುತ್ತಾರೆ. ಇವತ್ತಿನವರಿಗೆ ನಂಬಲು ಕಷ್ಟವಾಗುವ ಸಂಗತಿಗಳು ಅದರಲ್ಲಿದ್ದವು. ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಅಧಿಕಾರಿ ಆ ಮನೆಯನ್ನು ತಾವೇ ಒಬ್ಬರಿಗೆ ಹಂಚಿಕೆ ಮಾಡಬಹುದಿತ್ತು. ನ್ಯಾಯವಾದ ಬಾಡಿಗೆ ಎಷ್ಟೆಂದು ನಿಗದಿ ಮಾಡಿಸಲು ಬಾಡಿಗೆದಾರರಿಗೆ ದಾರಿಯಿತ್ತು. ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ಯಾರನ್ನೂ ಬಿಡಿಸುವಂತಿರಲಿಲ್ಲ.

ಒಳಗೆ ಕೂತವರಿಗೆ ಇದು ವರವಾಯಿತು. ಎಚ್‌ಆರ್‌ಸಿ ಕೇಸು ಹಾಕಿದರೆ ವರ್ಷಗಟ್ಟಲೆ ಎಳೆಯುತ್ತಿತ್ತು. ಚಾಮರಾಜಪೇಟೆ, ಗಾಂಧಿನಗರದಂಥ ಕಡೆ ಹಳೆಯ ಬಾಡಿಗೆ ಹಳೆಯದಾಗಿಯೇ ಉಳಿಯಿತು. ಆದರೆ ಹೊರಗಿನಿಂದ ಆಗ ತಾನೇ ಬಂದವರಿಗೆ ಇದೇ ಕಾಯ್ದೆ ಬಾಗಿಲಾಯಿತು. ಒಮ್ಮೆ ಒಳಗೆ ಬಿಟ್ಟರೆ ಹೊರಗೆ ಹೋಗುವುದಿಲ್ಲ ಎಂಬ ಭಯದಲ್ಲಿ ಮಾಲೀಕರು ಮೊದಲ ದಿನವೇ ಬಿಗಿಯಾದರು. ಬಾಡಿಗೆಯನ್ನು ಬೇಕಾದ ಹಾಗೆ ಏರಿಸಲು ಆಗದಿದ್ದರೆ ಮುಂಗಡವಾಗಿಯಾದರೂ ದೊಡ್ಡ ಮೊತ್ತ ಕೈಯಲ್ಲಿರಲಿ ಎಂಬುದು ಲೆಕ್ಕ. ಬಾಡಿಗೆದಾರ ಬಿಡಲು ತಕರಾರು ಮಾಡಿದರೆ ಹಿಡಿದುಕೊಳ್ಳಲು ಏನಾದರೂ ಇರಬೇಕಲ್ಲ.

ಹನ್ನೊಂದು ತಿಂಗಳ ಕರಾರಿಗೂ ಇಂಥದ್ದೇ ಒಂದು ಹಿನ್ನೆಲೆಯಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದು ತಿಂಗಳಿಗೆ ನಿಲ್ಲಿಸುವುದು ರೂಢಿಯಾಯಿತು. ಹೀಗಾಗಿ ಕೈಯಿಂದ ಹೋಗುವ ದುಡ್ಡು ಹತ್ತು ತಿಂಗಳದ್ದು, ಕೈಗೆ ಬರುವ ಕಾಗದ ಹನ್ನೊಂದು ತಿಂಗಳದ್ದು.

ಬಾಡಿಗೆದಾರನೇ ಬ್ಯಾಂಕು

ಸ್ವಾತಂತ್ರ್ಯದ ನಂತರದ ಮೂವತ್ತು ನಲವತ್ತು ವರ್ಷ ಹಳ್ಳಿಯ ಹುಡುಗನಿಗೆ ಬೆಂಗಳೂರಿನಲ್ಲಿ ಸಿಕ್ಕ ನಿಜವಾದ ರಿಯಾಯಿತಿ ಎಂದರೆ ಕಾರ್ಖಾನೆಯ ಕ್ವಾರ್ಟರ್ಸು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ದೂರವಾಣಿನಗರ, ಜಾಲಹಳ್ಳಿಯ ಕಾಲೊನಿಗಳು ಎದ್ದವು. ಅಡ್ವಾನ್ಸ್ ಇಲ್ಲ, ಬ್ರೋಕರ್ ಇಲ್ಲ, ಸ್ವಲ್ಪ ಬಾಡಿಗೆ ಸಂಬಳದಲ್ಲೇ ಕಡಿತ. ಅದರ ಜೊತೆಗೆ ಶಾಲೆ, ಆಸ್ಪತ್ರೆ, ಆಟದ ಮೈದಾನ. ಆದರೆ ಕ್ವಾರ್ಟರ್ಸು ಎಲ್ಲರಿಗೂ ಸಿಗುತ್ತಿರಲಿಲ್ಲ. ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನವರಿಗೆ, ಹೋಟೆಲಿನವರಿಗೆ, ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಹೊರಗಿನ ಬಾಡಿಗೆ ಮನೆಯೇ ಗತಿ.

ಆ ಬಾಡಿಗೆ ಮನೆಯನ್ನು ಕಟ್ಟಿದವರು ಯಾರು? ಬೇರೆ ದೇಶಗಳ ದೊಡ್ಡ ನಗರಗಳಲ್ಲಿ ಕಂಪನಿಗಳು ನೂರಾರು ಮನೆಗಳ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡುತ್ತವೆ. ಬೆಂಗಳೂರಿನ ಹೆಚ್ಚಿನ ಬಾಡಿಗೆ ಮನೆಗಳನ್ನು ಕಟ್ಟಿದವರು ಮೂವತ್ತು ನಲವತ್ತರ ಸೈಟಿನ ಸಾಮಾನ್ಯ ಸಂಸಾರಸ್ಥರು. ನಿವೃತ್ತಿಯ ದುಡ್ಡಿನಲ್ಲಿ ಕೆಳಗಿನ ಮನೆ ಕಟ್ಟಿಕೊಂಡವರು ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು.

ಆ ಮಹಡಿಗೆ ಸಾಲ ಕೊಡುವವರು ಯಾರೂ ಇರಲಿಲ್ಲ. ಮನೆ ಸಾಲಕ್ಕೆಂದೇ ಎಚ್‌ಡಿಎಫ್‌ಸಿ ಹುಟ್ಟಿದ್ದು 1977ರಲ್ಲಿ. ಮನೆ ಸಾಲ ಸಾಮಾನ್ಯ ನೌಕರರಿಗೆ ಸುಲಭವಾಗಿ ಸಿಗುವ ಹೊತ್ತಿಗೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಬೇಕಾಯಿತು. ಅದೂ ಕಾಗದ ಪತ್ರ ಸರಿಯಿದ್ದವರಿಗೆ. 1970ರ ದಶಕದಲ್ಲಿ ಬೆಂಗಳೂರಿನ ಜನಸಂಖ್ಯೆ ಮುಕ್ಕಾಲು ಪಟ್ಟು ಹೆಚ್ಚಿ 1981ಕ್ಕೆ 29 ಲಕ್ಷವಾಯಿತು. ಹೊಸ ಮನೆಗಳಲ್ಲಿ ಬಹಳಷ್ಟು ಎದ್ದದ್ದು ರೆವಿನ್ಯೂ ಸೈಟುಗಳ ಮೇಲೆ, ಅಂದರೆ ಹೊಲವನ್ನು ವಿಧಿವತ್ತಾಗಿ ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ಜಾಗಗಳಲ್ಲಿ. ಇಂಥ ಜಾಗಕ್ಕೆ, ಈಚಿನ ಭಾಷೆಯಲ್ಲಿ ಬಿ ಖಾತಾ ಆಸ್ತಿಗೆ, ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ.

ಆಗ ಮಾಲೀಕರಿಗೆ ಉಳಿದ ಬ್ಯಾಂಕು ಎಂದರೆ ಬಾಡಿಗೆದಾರ. ಕೆಳಗಿನ ಮನೆಯ ಅಡ್ವಾನ್ಸಿನಲ್ಲಿ ಮೊದಲ ಮಹಡಿಯ ಮೋಲ್ಡು, ಮೊದಲ ಮಹಡಿಯ ಅಡ್ವಾನ್ಸಿನಲ್ಲಿ ಎರಡನೆಯದರ ಗೋಡೆ. ಹತ್ತು ತಿಂಗಳ ಅಡ್ವಾನ್ಸ್ ಗಟ್ಟಿಯಾಗಿ ನಿಂತದ್ದು ಹೀಗೆ. ಹೋಗುವ ಬಾಡಿಗೆದಾರನ ದುಡ್ಡು ಕೊಡಬೇಕಾದರೆ ಬರುವ ಬಾಡಿಗೆದಾರ ದುಡ್ಡು ತರಬೇಕು. "ಬೇರೆಯವರು ಬಂದ ಮೇಲೆ ಕೊಡ್ತೀನಿ" ಎಂದು ಓನರ್ ಹೇಳಿದರೆ ಅದು ಯಾವಾಗಲೂ ಕೆಟ್ಟತನವಲ್ಲ. ಆ ದುಡ್ಡು ಗೋಡೆಯಾಗಿ ನಿಂತುಬಿಟ್ಟಿರುತ್ತದೆ, ತೆಗೆದು ಕೊಡಲು ಆಗುವುದಿಲ್ಲ.

ಹೊಲದಿಂದ ಹೊರಟ ಭೋಗ್ಯ

ಈ ಕಥೆಯಲ್ಲಿ ನಮ್ಮ ಹಳ್ಳಿಯ ಒಂದು ಪದ ಬೆಂಗಳೂರಿಗೆ ಹೋಗಿ ನೆಲೆಸಿದೆ: ಭೋಗ್ಯ.

ಊರಿನಲ್ಲಿ ಜಮೀನು ಭೋಗ್ಯಕ್ಕೆ ಹಾಕುವುದು ಎಂದರೆ ಎಲ್ಲರಿಗೂ ಗೊತ್ತು. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದ ರೈತ ಎರಡೆಕರೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾನೆ. ಅವರು ಇಡುಗಂಟು ಕೊಡುತ್ತಾರೆ, ಭೂಮಿ ಉತ್ತು ಬೆಳೆ ತೆಗೆದುಕೊಳ್ಳುತ್ತಾರೆ. ದುಡ್ಡಿಗೆ ಬಡ್ಡಿಯಿಲ್ಲ, ಭೂಮಿಗೆ ಗುತ್ತಿಗೆಯಿಲ್ಲ. ಅಸಲು ವಾಪಸ್ ಕೊಟ್ಟ ದಿನ ಭೂಮಿ ವಾಪಸ್. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಸ್ವಾಧೀನ ಕೊಟ್ಟು ಮಾಡುವ ಇಂಥ ಅಡಮಾನವನ್ನು ಒಂದು ಬಗೆಯಾಗಿ ಗುರುತಿಸಿದೆ. ಪದ್ಧತಿ ಅದಕ್ಕಿಂತ ಬಹಳ ಹಳೆಯದು.

ಬೆಂಗಳೂರಿನಲ್ಲಿ ಅದೇ ಮಾತು ಮನೆಗೆ ಅಂಟಿಕೊಂಡಿತು. ಬಾಯಲ್ಲಿ "ಲೀಸ್", ಕಾಗದದಲ್ಲಿ "ಭೋಗ್ಯದ ಕರಾರು". ಬಾಡಿಗೆದಾರ ಲಕ್ಷಗಟ್ಟಲೆ ಇಡುಗಂಟು ಕೊಟ್ಟು ಎರಡು ಮೂರು ವರ್ಷ ತಿಂಗಳ ಬಾಡಿಗೆಯಿಲ್ಲದೆ ಇರುತ್ತಾನೆ. ಬಿಡುವಾಗ ದುಡ್ಡು ಪೂರ್ತಿ ವಾಪಸ್. "ಬಾಡಿಗೆಯೇ ಇಲ್ಲದ ಮನೆ" ಎಂದರೆ ಇದಕ್ಕಿಂತ ದೊಡ್ಡ ರಿಯಾಯಿತಿ ಯಾವುದಿದೆ ಎಂದು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 12,000 ಬರುವ ಮನೆಗೆ 6 ಲಕ್ಷದ ಭೋಗ್ಯ ಎಂದುಕೊಳ್ಳಿ. ಆ 6 ಲಕ್ಷ ಸ್ವಂತದ್ದಾಗಿ ಬ್ಯಾಂಕಿನಲ್ಲಿ ಶೇ. 6ಕ್ಕೆ ಬಿದ್ದಿದ್ದರೆ ತಿಂಗಳಿಗೆ 3,000 ರೂಪಾಯಿ ಬಡ್ಡಿ ಹೋಯಿತು, 12,000 ಬಾಡಿಗೆ ಉಳಿಯಿತು. ಒಳ್ಳೆಯ ವ್ಯಾಪಾರ. ಅದೇ 6 ಲಕ್ಷವನ್ನು ನೂರಕ್ಕೆ ಎರಡರಂತೆ ಎತ್ತಿ ತಂದಿದ್ದರೆ ತಿಂಗಳ ಬಡ್ಡಿ ಸರಿಯಾಗಿ 12,000. ಉಳಿತಾಯ ಸೊನ್ನೆ, ಅಸಲು ಮುಳುಗುವ ಭಯ ಮಾತ್ರ ಲಾಭ.

ಊರಿನ ಎರಡೆಕರೆಯನ್ನು ಭೋಗ್ಯಕ್ಕೆ ಹಾಕಿ, ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಿಡಿದ ಸಂಸಾರಗಳು ನಮ್ಮ ಕಡೆ ಇವೆ. ಹೊಲದ ಬೆಳೆ ಇನ್ನೊಬ್ಬರ ಕಣಕ್ಕೆ ಹೋಗುತ್ತದೆ, ಹೊಲದ ದುಡ್ಡು ನಗರದ ಮತ್ತೊಬ್ಬರ ಮಹಡಿಗೆ ಹೋಗುತ್ತದೆ. ಅಭಿವೃದ್ಧಿಯ ಅಂಕಿ ಅಂಶಗಳಲ್ಲಿ ಹಳ್ಳಿಯಿಂದ ನಗರಕ್ಕೆ ಜನ ಹೋದ ಲೆಕ್ಕವಿದೆ, ನಗರದಿಂದ ಹಳ್ಳಿಗೆ ಬಂದ ಮನಿಯಾರ್ಡರಿನ ಲೆಕ್ಕವಿದೆ. ಹಳ್ಳಿಯಿಂದ ನಗರಕ್ಕೆ ಅಡ್ವಾನ್ಸಾಗಿ ಹೋದ ದುಡ್ಡನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

3,500 ರೂಪಾಯಿಯ ಗೆರೆ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಮುಂದಿನ ಹದಿನೈದು ವರ್ಷದಲ್ಲಿ ಐಟಿ ಈ ನಗರದ ಮುಖವನ್ನೇ ಬದಲಿಸಿತು. 2001ರ ಜನಗಣತಿಯಲ್ಲಿ 57 ಲಕ್ಷ ಜನ, 2011ರಲ್ಲಿ 84 ಲಕ್ಷಕ್ಕೂ ಮೇಲೆ. ದೊಡ್ಡ ಸಂಬಳದವರು ಹತ್ತು ತಿಂಗಳ ಅಡ್ವಾನ್ಸನ್ನು ಮಾತಿಲ್ಲದೆ ಕೊಟ್ಟರು. ಅವರು ಕೊಟ್ಟದ್ದೇ ಎಲ್ಲರಿಗೂ ದರವಾಯಿತು.

ಕಾನೂನೂ ಆಗಲೇ ಬದಲಾಯಿತು. 1961ರ ಕಾಯ್ದೆ ಹೋಗಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದರಲ್ಲಿ ಒಂದು ಗೆರೆಯಿದೆ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ, ಬೇರೆ ಊರುಗಳಲ್ಲಿ 2,000 ಮೀರಿದರೆ ಆ ಮನೆಗೆ ಕಾಯ್ದೆ ಅನ್ವಯಿಸುವುದಿಲ್ಲ. 2001ರಲ್ಲಿ 3,500 ಎಂದರೆ ಒಂದು ಮಟ್ಟಿಗೆ ದೊಡ್ಡ ಬಾಡಿಗೆ. ಇವತ್ತು ಆ ದುಡ್ಡಿಗೆ ಬೆಂಗಳೂರಿನಲ್ಲಿ ಶೀಟಿನ ರೂಮು ಸಿಕ್ಕರೆ ಪುಣ್ಯ. ಹಾಗಾಗಿ ಇವತ್ತು ಬೆಂಗಳೂರಿಗೆ ಹೋಗುವ ಹೆಚ್ಚುಕಡಿಮೆ ಪ್ರತಿಯೊಬ್ಬ ಹೊಸ ಬಾಡಿಗೆದಾರನೂ ಬಾಡಿಗೆ ಕಾಯ್ದೆಯ ರಕ್ಷಣೆಯ ಹೊರಗಿದ್ದಾನೆ. ಅವನಿಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ತಾನೇ ಸಹಿ ಹಾಕಿದ ಕರಾರು. ಎಚ್‌ಆರ್‌ಸಿಯ ಭಯ ಹೋಯಿತು, ಆ ಭಯದ ಹೆಸರಿನಲ್ಲಿ ಬೆಳೆದ ಅಡ್ವಾನ್ಸ್ ಮಾತ್ರ ಉಳಿಯಿತು.

"ಮೊದಲ ತಿಂಗಳು ಉಚಿತ" ಎಲ್ಲಿಂದ ಬಂತು?

ಜಾಹೀರಾತಿನ ಈ ಮಾತಿನ ತವರು ಅಮೆರಿಕ. ನ್ಯೂಯಾರ್ಕ್ ನಗರದಲ್ಲಿ 19ನೇ ಶತಮಾನದಲ್ಲಿ ಬಾಡಿಗೆ ಕರಾರುಗಳೆಲ್ಲ ಮೇ 1ಕ್ಕೆ ಮುಗಿಯುತ್ತಿದ್ದವು. ಅವತ್ತು ಅರ್ಧ ನಗರವೇ ಗಾಡಿಗೆ ಸಾಮಾನು ಹೇರಿಕೊಂಡು ಮನೆ ಬದಲಿಸುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆಗಳು ಖಾಲಿ ಬಿದ್ದಾಗ ಮಾಲೀಕರು ಒಂದೆರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಜನರನ್ನು ಕರೆದರು. ಆ ಬಿಟ್ಟಿ ತಿಂಗಳಿಗಾಗಿ, ಹೊಸ ಬಣ್ಣಕ್ಕಾಗಿ ವರ್ಷ ವರ್ಷ ಮನೆ ಬದಲಿಸಿದ ಸಂಸಾರಗಳಿದ್ದವು.

ಬಾಡಿಗೆಯನ್ನೇ ಇಳಿಸಬಹುದಿತ್ತಲ್ಲ, ತಿಂಗಳು ಯಾಕೆ ಬಿಡಬೇಕು? ಅಲ್ಲಿನ ಕಟ್ಟಡದ ಬೆಲೆ, ಅದರ ಮೇಲಿನ ಸಾಲ ನಿಂತಿರುವುದು ಕಾಗದದ ಮೇಲಿನ ಬಾಡಿಗೆಯ ಮೇಲೆ. ಕಾಗದದ ದರ ಇಳಿದರೆ ಕಟ್ಟಡದ ಬೆಲೆಯೇ ಇಳಿಯುತ್ತದೆ. ಒಂದು ತಿಂಗಳು ಬಿಟ್ಟರೆ ದರ ಹಾಗೇ ಉಳಿಯುತ್ತದೆ, ಮುಂದಿನ ವರ್ಷದ ಏರಿಕೆಯೂ ಆ ಪೂರ್ತಿ ದರದ ಮೇಲೆಯೇ. ಅಂದರೆ ಈ ರಿಯಾಯಿತಿ ಒಮ್ಮೆ ಮಾತ್ರ ಸಿಗುತ್ತದೆ, ದರ ಶಾಶ್ವತ. ಬೆಂಗಳೂರಿನ ಕೋ-ಲಿವಿಂಗ್ ಕಂಪನಿಗಳು, ಹತ್ತಾರು ಮನೆ ಹಿಡಿದು ನಡೆಸುವವರು ಎರವಲು ತಂದಿರುವುದು ಇದೇ ಉಪಾಯವನ್ನು.

ನಮ್ಮ 12,000ದ ಮನೆಯಲ್ಲಿ ಒಂದು ತಿಂಗಳು ಬಿಟ್ಟರೆ, ಒಂದು ವರ್ಷ ಇದ್ದವರಿಗೆ ತಿಂಗಳಿಗೆ 1,000 ಉಳಿಯಿತು. ಎರಡು ವರ್ಷ ಇದ್ದವರಿಗೆ ತಿಂಗಳಿಗೆ 500. ಅದರ ಬದಲು ಅಡ್ವಾನ್ಸನ್ನು ಹತ್ತರಿಂದ ಐದು ತಿಂಗಳಿಗೆ ಇಳಿಸಿದರೆ, 60,000 ರೂಪಾಯಿಯ ಕೈಸಾಲ ತಪ್ಪಿ, ಇರುವಷ್ಟು ಕಾಲವೂ ತಿಂಗಳಿಗೆ 1,200 ಉಳಿಯುತ್ತದೆ.

2020: ಸರ್ಕಾರ ಕೊಟ್ಟ ಬಿಟ್ಟಿ ತಿಂಗಳು

ಬೆಂಗಳೂರಿನಲ್ಲಿ ರಿಯಾಯಿತಿಯ ಗಾಳಿ ಜೋರಾಗಿ ಬೀಸಿದ್ದು 2020ರಲ್ಲಿ. ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು. ಬಾಡಿಗೆ ಮನೆಗಳಲ್ಲಿರುವ ವಲಸೆ ಕಾರ್ಮಿಕರೂ ಸೇರಿದಂತೆ ಕೆಲಸಗಾರರಿಂದ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಖಾಲಿ ಮಾಡಿಸಿದರೆ ಕ್ರಮ ಎಂದು ಅದರಲ್ಲಿತ್ತು. ದೇಶದಲ್ಲಿ ಸರ್ಕಾರವೇ ಹೇಳಿದ "ಒಂದು ತಿಂಗಳು ಬಾಡಿಗೆ ಇಲ್ಲ" ಬಹುಶಃ ಇದೊಂದೇ.

ಆದೇಶ ಕಾಗದದಲ್ಲಿತ್ತು, ಅಡ್ವಾನ್ಸ್ ಓನರ್ ಕೈಯಲ್ಲಿತ್ತು. ಆ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿಗೆ ವಾಪಸ್ ಬಂದವರನ್ನು ವರದಿಗಾಗಿ ಮಾತಾಡಿಸುವಾಗ ಮತ್ತೆ ಮತ್ತೆ ಕೇಳಿದ ಮಾತು: "ಅಡ್ವಾನ್ಸಲ್ಲೇ ಹಿಡ್ಕೊಳ್ಳಿ ಅಂತ ಹೇಳಿ ಬಂದ್ವಿ." ಬಾಡಿಗೆ ಕೇಳದೆ ಅಡ್ವಾನ್ಸಿನಲ್ಲಿ ಕಳೆದುಕೊಂಡರೆ ಕೇಳಿದಂತಾಗಲಿಲ್ಲ. ಮುಂಗಡದ ದುಡ್ಡಿನ ಶಕ್ತಿ ಇರುವುದೇ ಅಲ್ಲಿ. ಜಗಳವಾದರೆ ದುಡ್ಡು ಆಗಲೇ ಒಂದು ಕಡೆಯವರ ಹತ್ತಿರ ಇರುತ್ತದೆ.

ಆಮೇಲೆ ಐಟಿಯವರೂ ಮನೆಯಿಂದ ಕೆಲಸ ಮಾಡಲು ಊರು ಸೇರಿದರು. ಪಿಜಿಗಳು ಬರಿದಾದವು. ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು. ಹತ್ತು ತಿಂಗಳು ಎನ್ನುತ್ತಿದ್ದ ಓನರ್‌ಗಳು ಐದು, ಮೂರು ಎಂದರು. ಕೆಲವರು ಬಾಡಿಗೆ ಸಾವಿರ ಎರಡು ಸಾವಿರ ಇಳಿಸಿದರು. ದಶಕಗಳಿಂದ "ಇದು ಬೆಂಗಳೂರಿನ ಪದ್ಧತಿ" ಎಂದು ಹೇಳಿಕೊಂಡು ಬಂದದ್ದು ಒಂದು ವರ್ಷದಲ್ಲಿ ಮೆತ್ತಗಾಯಿತು. ಅಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು: ಹತ್ತು ತಿಂಗಳು ಎಂಬುದು ಕಾನೂನಲ್ಲ, ಮನೆ ಕಡಿಮೆ ಇದ್ದು ಜನ ಹೆಚ್ಚಿದ್ದಾಗ ಕಟ್ಟಿದ ದರ.

2022, 2023ರಲ್ಲಿ ಆಫೀಸುಗಳು ಮತ್ತೆ ತೆರೆದಾಗ ದರ ತಿರುಗಿ ಬಂತು, ಇನ್ನೂ ಮೇಲಕ್ಕೆ ಹೋಯಿತು. ಬಾಡಿಗೆದಾರರಿಂದ ಪಿಯುಸಿ ಅಂಕ, ಕಂಪನಿಯ ಹೆಸರು ಎಲ್ಲ ಕೇಳಿ ಆರಿಸಿದ ಕಥೆಗಳು ಪತ್ರಿಕೆಗಳಲ್ಲಿ ಬಂದವು.

ಹೊಸ ರಿಯಾಯಿತಿಗಳ ಒಳಗೆ

ಬ್ರೋಕರ್ ಕಮಿಷನ್ ತಪ್ಪಿಸುವ ಮಾತು ಹೇಳಿಕೊಂಡೇ 2014ರಲ್ಲಿ ನೋಬ್ರೋಕರ್ ಶುರುವಾಯಿತು. ಅದರ ಬೆನ್ನಿಗೆ ಕಡಿಮೆ ಅಡ್ವಾನ್ಸಿನ ಮನೆ ಕೊಡುವ ಕಂಪನಿಗಳು, ಕೋ-ಲಿವಿಂಗ್‌ಗಳು ಬಂದವು. ಇವುಗಳಿಂದ ಹೊಸಬರಿಗೆ ಉಪಕಾರವಾಗಿದೆ. ಒಂದೆರಡು ತಿಂಗಳ ಅಡ್ವಾನ್ಸಿಗೆ ಬೆಂಗಳೂರಿನಲ್ಲಿ ಇರಬಹುದು ಎಂಬುದು ಊರಿನಲ್ಲಿ ಸಾಲ ಹುಟ್ಟದವರಿಗೆ ದೊಡ್ಡ ವಿಷಯ. ಆದರೆ "ಝೀರೋ ಡೆಪಾಸಿಟ್" ಎಂದಾಗ ಒಂದು ಪ್ರಶ್ನೆ ಕೇಳಲೇಬೇಕು: ನನ್ನ ಬದಲು ಓನರ್‌ಗೆ ಭರವಸೆ ಕೊಡುವವರು ಯಾರು, ಅದಕ್ಕೆ ನಾನು ಕೊಡುವ ಶುಲ್ಕ ವಾಪಸ್ ಬರುತ್ತದೆಯೇ? ಸಾಮಾನ್ಯವಾಗಿ ಬರುವುದಿಲ್ಲ. ಆಗ ಅದು ಬಡ್ಡಿಯ ಇನ್ನೊಂದು ಹೆಸರು. ಆ ಶುಲ್ಕ ಊರಿನ ಬಡ್ಡಿಗಿಂತ ಕಡಿಮೆಯಿದ್ದರೆ ಒಪ್ಪಬಹುದು, ಹೆಚ್ಚಿದ್ದರೆ ಬೇಡ.

ಇನ್ನೊಂದು ರಿಯಾಯಿತಿಯನ್ನು ಕಂಡರೆ ದೂರ ಇರಬೇಕು. ಮಧ್ಯವರ್ತಿಯೊಬ್ಬರು ಓನರ್ ಹತ್ತಿರ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತಾರೆ. ಅದನ್ನೇ ಬೇರೊಬ್ಬರಿಗೆ ಮಾರುಕಟ್ಟೆಗಿಂತ ಕಡಿಮೆ ಭೋಗ್ಯಕ್ಕೆ ಕೊಟ್ಟು ಇಡುಗಂಟು ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ, ಮಧ್ಯವರ್ತಿಯ ಫೋನೂ ನಿಲ್ಲುತ್ತದೆ. ಓನರ್ ಬಂದು ಬಾಗಿಲು ತಟ್ಟಿದಾಗ ಒಳಗಿದ್ದವರ ಕೈಯಲ್ಲಿರುವುದು ಓನರ್ ಸಹಿಯೇ ಇಲ್ಲದ ಕಾಗದ. ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಇಂಥ ದೂರುಗಳು ಹೊಸದಲ್ಲ. ಊರಿನಲ್ಲಿ ಪಹಣಿ ನೋಡದೆ ಯಾರೂ ಜಮೀನು ಭೋಗ್ಯಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನಲ್ಲೂ ಅದೇ ಬುದ್ಧಿ ಬೇಕು. ಖಾತೆ ಯಾರ ಹೆಸರಿನಲ್ಲಿದೆ, ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ನೋಡಬೇಕು. ಸಹಿ ಮಾಲೀಕರದೇ ಇರಬೇಕು, ದುಡ್ಡು ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಬೇಕು.

ಚೌಕಾಸಿ ಎಲ್ಲಿ ಮಾಡಬೇಕು

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಿನಲ್ಲಿ ಸೇರಿಸಿಕೊಂಡರಷ್ಟೇ ಜನರಿಗೆ ಉಪಯೋಗ. ಮೂವತ್ತು ನಲವತ್ತರ ಸೈಟಿನ ಓನರ್‌ಗೆ ಬ್ಯಾಂಕ್ ಸಾಲದ ದಾರಿ ತೆರೆಯದೆ ಎರಡು ತಿಂಗಳ ಮಿತಿ ಹಾಕಿದರೆ, ಅದು ಕಾಗದದಲ್ಲಿ ಎರಡು, ಕೈಯಲ್ಲಿ ಎಂಟು ಎಂದಾಗುವ ಸಾಧ್ಯತೆಯೂ ಇದೆ. ಅಡ್ವಾನ್ಸನ್ನು ಬೆಳೆಸಿದ್ದು ಮನೆ ಸಾಲದ ಬರ. ಆ ಬರ ನೀಗದೆ ಅಡ್ವಾನ್ಸ್ ಪೂರ್ತಿ ಕರಗುವುದಿಲ್ಲ.

ಅಲ್ಲಿಯವರೆಗೆ ಬೆಂಗಳೂರಿಗೆ ಹೊರಟವರು ಮಾಡಬಹುದಾದದ್ದು ಇಷ್ಟು. ಬಾಡಿಗೆಯಲ್ಲಿ ಐನೂರು ಇಳಿಸಲು ಜಗಳವಾಡುವ ಬದಲು ಅಡ್ವಾನ್ಸಿನಲ್ಲಿ ತಿಂಗಳುಗಳನ್ನು ಇಳಿಸಲು ಕೇಳಿ. ಓನರ್‌ಗೆ ದುಡ್ಡಿನ ತುರ್ತಿಲ್ಲದಿದ್ದರೆ ಅವರಿಗೂ ಅದು ಸುಲಭ, ಬಾಡಿಗೆಯ ದರ ಮುರಿದಂತಾಗುವುದಿಲ್ಲ. ಒಂದೇ ಸಲ ಆಗದಿದ್ದರೆ ಎರಡು ಮೂರು ಕಂತಿನಲ್ಲಿ ಕೊಡುತ್ತೇನೆ ಎನ್ನಿ. ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಬಿಟ್ಟ ಮೇಲೆ ಎಷ್ಟು ದಿನದಲ್ಲಿ ದುಡ್ಡು ಕೊಡುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ. ಹನ್ನೊಂದು ತಿಂಗಳಿಗೇ ಬಿಟ್ಟುಹೋದರೆ ಬ್ರೋಕರ್ ಮತ್ತು ಬಣ್ಣ ಸೇರಿ 24,000 ಹೋಗುತ್ತದೆ, ತಿಂಗಳಿಗೆ 2,000ಕ್ಕೂ ಹೆಚ್ಚು. ಹೆಚ್ಚು ಕಾಲ ಒಂದೇ ಮನೆಯಲ್ಲಿ ಇರುವುದೇ ಕೆಲವೊಮ್ಮೆ ದೊಡ್ಡ ರಿಯಾಯಿತಿ.

ಈ ಯಾವ ಲೆಕ್ಕವೂ ತಲುಪದ ಜನರೂ ಇದ್ದಾರೆ. ಹೆಸರು ಕೇಳಿದ ಮೇಲೆ, ಊಟ ಏನು ಎಂದು ವಿಚಾರಿಸಿದ ಮೇಲೆ "ಮನೆ ಆಗಲೇ ಕೊಟ್ಟುಬಿಟ್ಟೆವು" ಎನ್ನಿಸಿಕೊಂಡು ವಾಪಸ್ ಬರುವ ದಲಿತ ಮತ್ತು ಮುಸ್ಲಿಂ ಹುಡುಗ ಹುಡುಗಿಯರಿಗೆ ಆರಿಸಲು ಉಳಿಯುವ ಮನೆಗಳೇ ಕಡಿಮೆ. ಆಯ್ಕೆ ಕಡಿಮೆಯಾದವರು ಚೌಕಾಸಿ ಮಾಡಲಾರರು, ಕೇಳಿದ ಅಡ್ವಾನ್ಸನ್ನೇ ಕೊಡುತ್ತಾರೆ. ಅವರ ಊರಿನ ಸಾಲ ಇನ್ನಷ್ಟು ಉದ್ದವಾಗುತ್ತದೆ.

ಮುಂದಿನ ಸಲ ಯಾರಾದರೂ ಬೆಂಗಳೂರನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಕೆಂಪೇಗೌಡರಿಂದ ಹಿಡಿದು ಐಟಿ ಕಂಪನಿಗಳವರೆಗೆ ಹೆಸರು ಹೇಳುತ್ತಾರೆ. ಆ ಪಟ್ಟಿಯಲ್ಲಿ ಅರಸೀಕೆರೆಯ ಕೊಬ್ಬರಿಗೂ, ಕೊಪ್ಪದ ಅಡಿಕೆಗೂ, ಅಡವಿಟ್ಟ ಸರಗಳಿಗೂ ಒಂದು ಸಾಲು ಸಲ್ಲಬೇಕು. ಬಡ್ಡಿ ಕೇಳದೆ ದುಡ್ಡು ಕೊಟ್ಟವರು ಅವರು.